ನಸುಗುನ್ನಿ ಬೀಜದ ಪುಡಿ: ಲೇಬಲ್ಲಿನಲ್ಲಿ ಮುಖ್ಯವಾದ ಅಂಕಿಯೇ ಇಲ್ಲ

ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ (ಕೈಕಾಲು ನಡುಗುವ ನರರೋಗ) ಎಂದು ಗೊತ್ತಾದಾಗಿನಿಂದ ನೆಂಟರೆಲ್ಲ ನಸುಗುನ್ನಿ ಪುಡಿ ಕೊಡಿ ಎನ್ನುತ್ತಿದ್ದಾರೆ. ಮೈಸೂರಿನ ಒಂದು ಗ್ರಂಥಿಗೆ ಅಂಗಡಿಯಿಂದ 100 ಗ್ರಾಂ ಡಬ್ಬಿ ತಂದೆ. ಕಂಪನಿಯ ಹೆಸರು ಹೇಳುವುದಿಲ್ಲ. ಅಲ್ಲಿದ್ದ ಬೇರೆ ಡಬ್ಬಿಗಳಲ್ಲೂ ಇದೇ ಕೊರತೆ ಇತ್ತು.

ಪುಡಿ ಚೆನ್ನಾಗಿಯೇ ಇದೆ. ನುಣ್ಣಗಿದೆ, ಮುಗ್ಗಲು ವಾಸನೆಯಿಲ್ಲ. ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡೆ: ಹಸಿ ಹಿಟ್ಟಿನ ರುಚಿ, ಕೊನೆಗೆ ಸ್ವಲ್ಪ ಕಹಿ. ನಸುಗುನ್ನಿ ಕಾಯಿಯ ಸುಂಕು ತಗುಲಿ ಮೈ ತುರಿಸಿಕೊಂಡವರು ಹೆದರಬೇಕಿಲ್ಲ, ಬೀಜದಲ್ಲಿ ಆ ಕಾಟವಿಲ್ಲ.

ನನ್ನ ತಕರಾರು ಲೇಬಲ್ಲಿನ ಬಗ್ಗೆ. ಆಯುರ್ವೇದದಲ್ಲಿ ಕಪಿಕಚ್ಛು ಎನ್ನುವ ಈ ಬೀಜದಲ್ಲಿ ಲೆವೊಡೋಪಾ ಎಂಬ, ಪಾರ್ಕಿನ್ಸನ್‌ಗೆ ಕೊಡುವ ಔಷಧದ ಅಂಶ ಇದೆ. ಅಪ್ಪನ ಮಾತ್ರೆಯಲ್ಲಿರುವುದೂ ಅದೇ. ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲೇ ಇದನ್ನು ಈ ಬೀಜದಿಂದ ಬೇರ್ಪಡಿಸಿದ್ದರು. ಅಂದಮೇಲೆ ಇದು ಬರಿಯ ಶಕ್ತಿವರ್ಧಕವಲ್ಲ, ನಿಜವಾದ ಔಷಧ. ಒಂದು ಚಮಚದಲ್ಲಿ ಎಷ್ಟು ಮಿಲಿಗ್ರಾಂ ಇದೆ? ಡಬ್ಬಿಯಲ್ಲಿ ಎಲ್ಲೂ ಇಲ್ಲ. ಬೀಜದ ತಳಿ ಬದಲಾದರೆ ಈ ಪ್ರಮಾಣವೂ ಬದಲಾಗುತ್ತದೆ, ಆದ್ದರಿಂದ ಊಹಿಸುವಂತೆಯೂ ಇಲ್ಲ.

2004ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ 8 ರೋಗಿಗಳಿಗೆ ಇದೇ ಬೀಜದಿಂದ ತಯಾರಿಸಿದ ಔಷಧ ಕೊಟ್ಟಿದ್ದರು. 30 ಗ್ರಾಂ ಕೊಟ್ಟಾಗ ಅದು ಮಾತ್ರೆಗಿಂತ ಬೇಗ ಕೆಲಸಮಾಡಿತು, ಪರಿಣಾಮವೂ ಹೆಚ್ಚು ಹೊತ್ತು ಉಳಿಯಿತು. ಓದಿ ನನಗೆ ನಿಜಕ್ಕೂ ಆಸೆ ಹುಟ್ಟಿತು. ಆದರೆ ಅಲ್ಲಿ ಆ 30 ಗ್ರಾಮಿನಲ್ಲಿ 1,000 ಮಿಲಿಗ್ರಾಂ ಲೆವೊಡೋಪಾ ಇದೆಯೆಂದು ಅಳೆದು ಕೊಟ್ಟಿದ್ದರು. ಹೋಲಿಕೆಗೆ ಕೊಟ್ಟ ಮಾತ್ರೆಯಲ್ಲಿ ಇದ್ದದ್ದು 200 ಮಿಲಿಗ್ರಾಂ, ಜೊತೆಗೆ ಕಾರ್ಬಿಡೋಪಾ. ಲೆವೊಡೋಪಾ ಮಿದುಳನ್ನು ತಲುಪುವ ಮೊದಲೇ ದೇಹದಲ್ಲಿ ಖರ್ಚಾಗದಂತೆ ಈ ಕಾರ್ಬಿಡೋಪಾ ತಡೆಯುತ್ತದೆ. ಬರಿಯ ಪುಡಿಯಲ್ಲಿ ಅದಿಲ್ಲ. ನನ್ನ ಡಬ್ಬಿ ಹೇಳುವುದು ದಿನಕ್ಕೆರಡು ಬಾರಿ 3 ಗ್ರಾಂ, ಅದೂ ಹಾಲಿನೊಂದಿಗೆ. ಹಾಲಿನ ಪ್ರೋಟೀನ್ ಲೆವೊಡೋಪಾ ಹೀರಿಕೆಗೆ ಅಡ್ಡಿ ಮಾಡಬಲ್ಲದು. ಧಾತುಪುಷ್ಟಿಗೆಂದು ಕುಡಿಯುವವರಿಗೆ ಈ ಸೂಚನೆ ಸರಿಯಿರಬಹುದು, ನಡುಗುವ ಕೈಯವರಿಗಲ್ಲ.

ನರರೋಗ ತಜ್ಞರಿಗೆ ಡಬ್ಬಿ ತೋರಿಸಿದೆ. ಅವರು ಗಿಡಮೂಲಿಕೆಯನ್ನು ಹೀಗಳೆಯಲಿಲ್ಲ. ಪ್ರಮಾಣ ತಿಳಿಯದ ಲೆವೊಡೋಪಾವನ್ನು ಮಾತ್ರೆಯ ಮೇಲೆ ಸೇರಿಸಿದರೆ ವಾಂತಿ, ರಕ್ತದೊತ್ತಡದ ಕುಸಿತ, ತಡೆಯಲಾಗದ ಅಂಗಚಲನೆ, ಭ್ರಮೆ ಎಲ್ಲವೂ ಬರಬಹುದು, ಈಗ ಬೇಡ ಎಂದರು. ಅಪ್ಪನಿಗೆ ಕೊಟ್ಟಿಲ್ಲ.

ಅಂಗಡಿಯವರ ಒಂದು ಮಾತು ಮಾತ್ರ ನನಗೆ ಸಿಟ್ಟು ತರಿಸಿತು: "ಇಂಗ್ಲಿಷ್ ಮಾತ್ರೆ ನಿಲ್ಲಿಸಿಬಿಡಿ, ಇದೇ ಸಾಕು." ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಲೆವೊಡೋಪಾ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಮೈ ಸೆಟೆದು, ವಿಪರೀತ ಜ್ವರ ಬಂದು ಜೀವಕ್ಕೇ ಅಪಾಯವಾಗಬಹುದು.

ಪುಡಿಗೆ 5ರಲ್ಲಿ 4 ಅಂಕ, ಲೇಬಲ್ಲಿಗೆ 1. ಪ್ರತಿ ತಯಾರಿಕೆಯ ಲೆವೊಡೋಪಾ ಪ್ರಮಾಣವನ್ನು ಪರೀಕ್ಷಿಸಿ ಮುದ್ರಿಸಿ ಎಂದು ಕಂಪನಿಗೆ ಪತ್ರ ಬರೆದಿದ್ದೇನೆ. ಉತ್ತರ ಬಂದರೆ ಇಲ್ಲೇ ಸೇರಿಸುತ್ತೇನೆ.