ಫರಸಿ ಮೇಲಿನ ನಿಧಾನ ನಡಿಗೆ: ಕಲಬುರಗಿಯ ಹಿರಿಯರ ತರಗತಿ ಹೇಗಿದೆ?

ಅಪ್ಪನ ಕೆರೆ ಕಡೆಯ ಬಡಾವಣೆಯೊಂದರ ಸಮುದಾಯ ಭವನದಲ್ಲಿ ಅರವತ್ತು ದಾಟಿದವರಿಗಾಗಿ ನಡೆಯುವ ವ್ಯಾಯಾಮ ತರಗತಿ ಇದು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 6ರಿಂದ 7. ತಿಂಗಳಿಗೆ 400 ರೂಪಾಯಿ. ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ‘ಮೂರು ತಿಂಗಳಲ್ಲಿ ಮರೆವು ಮಾಯ’ ಎಂದಿದೆ. ಅದನ್ನು ಮೊದಲು ಕಿತ್ತುಹಾಕಬೇಕು, ಯಾವ ವ್ಯಾಯಾಮಕ್ಕೂ ಆ ಶಕ್ತಿ ಇಲ್ಲ. ಆದರೆ ಒಳಗೆ ಕಲಿಸುವುದರಲ್ಲಿ ಅರ್ಧ ಗಂಟೆಯಷ್ಟು ಅಪ್ಪಟ ಕೆಲಸದ್ದು. ಆ ಅರ್ಧ ಗಂಟೆಗೋಸ್ಕರ ಮನೆಯ ಹಿರಿಯರನ್ನು ಇಲ್ಲಿಗೆ ಕರೆತರಬಹುದು.

ಮೊದಲ ಹತ್ತು ನಿಮಿಷ ಕುತ್ತಿಗೆ, ಭುಜ, ಮೊಣಕಾಲು ಸಡಿಲಿಸುವುದು, ಎಲ್ಲ ಕಡೆ ಇರುವಂಥದ್ದೇ. ತರಗತಿಯ ಜೀವ ಇರುವುದು ಆಮೇಲಿನ ನಿಧಾನ ನಡಿಗೆಯಲ್ಲಿ. ಭವನದ ನೆಲಕ್ಕೆ ಎರಡಡಿ ಅಳತೆಯ ಶಹಾಬಾದ ಫರಸಿ ಹಾಸಿದ್ದಾರೆ. ಕಲ್ಲು ಕಲ್ಲಿನ ನಡುವಿನ ಸಂದೇ ನಡೆಯುವ ಗೆರೆ. ಐದು ಕಲ್ಲು ಅಂದರೆ ಹತ್ತು ಅಡಿ, ಅಷ್ಟು ದೂರ ಹೋಗಿ ತಿರುಗಿ ಬರಬೇಕು. ಉಸಿರು ಎಳೆಯುತ್ತ ಕಾಲು ಎತ್ತಿ, ಬಿಡುತ್ತ ಊರಬೇಕು. “ಸಾವಕಾಶ ರೀ ಕಾಕಾ, ಹಿಮ್ಮಡ ಮೊದಲ ಊರ್ರಿ, ಬಟ್ಟು ಆಮ್ಯಾಲ” ಎಂದು ಕಲಿಸುವ ಅಕ್ಕಾರು ಪಕ್ಕದಲ್ಲೇ ನಡೆಯುತ್ತಾರೆ. ಊರಿದ ಕಾಲಿನ ಮೇಲೆ ಮೈಭಾರ ಪೂರ್ತಿ ಬಂದ ಮೇಲೆಯೇ ಹಿಂದಿನ ಕಾಲು ಏಳಬೇಕು. ಚೀನಾದ ನಿಧಾನ ಚಲನೆಯ ವ್ಯಾಯಾಮ ತಾಯ್ ಚಿ ನಿಂತಿರುವುದೂ ಇದೇ ಭಾರ ಬದಲಿಸುವುದರ ಮೇಲೆ.

ತಪ್ಪುವುದು ಎಲ್ಲಿ? ಬಹುತೇಕರು ಕಾಲನ್ನೇ ನೋಡುತ್ತ ನಡೆಯುತ್ತಾರೆ. ಆಗ ತಲೆ ಮುಂದಕ್ಕೆ ಬಾಗಿ ಭಾರವೂ ಮುಂದೆ ಸರಿಯುತ್ತದೆ, ಅಂಗಾಲಿನಿಂದ ಬರುವ ಸುದ್ದಿಗೆ ಮಿದುಳು ಕಿವಿಗೊಡುವುದಿಲ್ಲ. ಕಣ್ಣು ಎದುರಿನ ಗೋಡೆಯ ಮೇಲಿರಬೇಕು, ಗಮನ ಅಂಗಾಲಿನಲ್ಲಿ. ಎರಡನೆಯ ತಪ್ಪು, ಮೊದಲ ದಿನವೇ ಎರಡೂ ಪಾದ ಒಂದೇ ಗೆರೆಯ ಮೇಲೆ ಇಡುವುದು. ಶುರುವಿನ ಎರಡು ವಾರ ಗೆರೆಯ ಆಚೆಗೊಂದು ಈಚೆಗೊಂದು ಪಾದ ಇರಲಿ, ಗೋಡೆ ಕೈಗೆ ಎಟುಕುವಷ್ಟು ಹತ್ತಿರವಿರಲಿ. ಸೀರೆಯ ನಿರಿಗೆ ಪಾದದಿಂದ ನಾಲ್ಕು ಬೆರಳು ಮೇಲಿರಬೇಕು. ಈ ಮಾತನ್ನು ಇಲ್ಲಿ ಪ್ರತಿ ದಿನ ಹೇಳುತ್ತಾರೆ, ಒಳ್ಳೆಯದು. ಕಾಲುಚೀಲ ಮಾತ್ರ ಹಾಕಿ ಬಂದವರನ್ನು ಯಾರೂ ತಡೆಯುವುದಿಲ್ಲ. ನುಣುಪಾದ ಫರಸಿಯ ಮೇಲೆ ಕಾಲುಚೀಲ ಜಾರುತ್ತದೆ, ನೆಲ ಒರೆಸಿದ ಹಸಿ ಇದ್ದರಂತೂ ಕೇಳುವುದೇ ಬೇಡ.

ಮುಂದಿನ ಹದಿನೈದು ನಿಮಿಷ ನಡೆಯುತ್ತಲೇ ಬಾಯಿಂದ ಲೆಕ್ಕ. ರೈಲಿನ ದಾರಿಯನ್ನು ಹಿಂದುಮುಂದಾಗಿ ಹೇಳಿಸುತ್ತಾರೆ: ಯಾದಗಿರಿ, ನಾಲವಾರ, ವಾಡಿ, ಶಹಾಬಾದ, ಮರತೂರ, ಕಲಬುರಗಿ. ಶಾಲೆ ಕಲಿತವರು ನೂರರಿಂದ ಏಳೇಳು ಕಳೆಯುತ್ತ ಹೋಗುತ್ತಾರೆ. ಶಾಲೆಯ ಮುಖ ನೋಡದ ಆಯಿಗಳು ಫಾಲ್ಗುಣದಿಂದ ಚೈತ್ರಕ್ಕೆ ಮಾಸಗಳನ್ನು ಹಿಂದಕ್ಕೆ ಎಣಿಸುತ್ತಾರೆ. ಅಕ್ಷರ ಬಲ್ಲವರಿಗೇ ಸೀಮಿತ ಮಾಡದೆ ಇದನ್ನು ಹೊಂದಿಸಿರುವ ರೀತಿ ನಮಗೆ ತುಂಬಾ ಹಿಡಿಸಿತು. ವಯಸ್ಸಾದಂತೆ ನಡಿಗೆ ತಾನಾಗಿ ನಡೆಯುವ ಕೆಲಸವಾಗಿ ಉಳಿಯದೆ ಗಮನವನ್ನು ಬೇಡತೊಡಗುತ್ತದೆ. ಮಾತಾಡಿಸಿದ ಕೂಡಲೆ ನಿಂತುಬಿಡುವ ವೃದ್ಧರು ಮುಂದಿನ ಆರು ತಿಂಗಳಲ್ಲಿ ಬೀಳುವುದು ಹೆಚ್ಚು ಎಂದು 1997ರ ಸ್ವೀಡನ್ನಿನ ಅಧ್ಯಯನವೊಂದು ತೋರಿಸಿತ್ತು. ಹೆಜ್ಜೆ ನಿಂತರೆ ಲೆಕ್ಕ ಕಠಿಣವಾಯಿತು ಎಂದರ್ಥ, ಸುಲಭದ್ದು ಕೊಡಬೇಕು. ಹೆಜ್ಜೆಯೂ ಲೆಕ್ಕವೂ ಒಮ್ಮೆಯೂ ತಪ್ಪದಿದ್ದರೆ ಕಠಿಣ ಮಾಡಬೇಕು. ಬಾಯಿಪಾಠವಾದ ವಚನ ಹೇಳುತ್ತ ನಡೆದರೆ ಮನಸ್ಸಿಗೆ ಹಿತ, ಆದರೆ ಈ ಲೆಕ್ಕಕ್ಕೆ ಅದು ಬರುವುದಿಲ್ಲ. ನಾಲಿಗೆಗೆ ರೂಢಿಯಾದದ್ದು ಗಮನವನ್ನು ದುಡಿಸುವುದಿಲ್ಲ.

ಇದಕ್ಕೆ ಆಧಾರವೂ ಇದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಮರೆವಿನ ದೂರು ಇದ್ದ 318 ಹಿರಿಯರು ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ ವ್ಯಾಯಾಮ ಮಾಡಿದರು. ಮಿದುಳಿನ ಚುರುಕಿನ ಪರೀಕ್ಷೆಯಲ್ಲಿ ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ತಾಯ್ ಚಿ ಮಾಡಿದವರು, ಅವರಿಗಿಂತಲೂ ತಾಯ್ ಚಿ ಜೊತೆಗೆ ತಲೆಗೆ ಕೆಲಸ ಕೊಟ್ಟುಕೊಂಡವರು ಮುಂದಿದ್ದರು. ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. 65ರಿಂದ 84 ವಯಸ್ಸಿನ 585 ಜನರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಧ್ಯಾನ, ವ್ಯಾಯಾಮ, ಎರಡೂ ಸೇರಿ, ಯಾವುದನ್ನು ಮಾಡಿದರೂ ಆರು ತಿಂಗಳಿಗೆ ನೆನಪಿನ ಶಕ್ತಿಯಲ್ಲಿ ಎದ್ದುಕಾಣುವ ಏರಿಕೆ ಆಗಲಿಲ್ಲ. ಬಾಗಿಲ ಮೇಲಿನ ಕಾಗದ ತಪ್ಪು ಎಂದದ್ದು ಇದಕ್ಕೇ.

ಕೊರತೆಗೆ ಬಂದರೆ, ಕೊನೆಯ ಹದಿನೈದು ನಿಮಿಷ ನಮಗೆ ಒಪ್ಪಿಗೆಯಾಗಲಿಲ್ಲ. ಎಲ್ಲರಿಗೂ ಒಂದೇ ವೇಗದಲ್ಲಿ ಕಪಾಲಭಾತಿ, ಅಂದರೆ ಹೊಟ್ಟೆ ಒಳಗೆಳೆದು ಉಸಿರನ್ನು ರಭಸದಿಂದ ಹೊರಹಾಕುವ ಪ್ರಾಣಾಯಾಮ, ಮಾಡಿಸುತ್ತಾರೆ. ಬಿಪಿ ಹೆಚ್ಚಿರುವವರು, ಹೃದಯದ ತೊಂದರೆ ಇರುವವರು, ಹರ್ನಿಯಾ ಇರುವವರು ಅದನ್ನು ಮಾಡಬಾರದು. ಗ್ಲಾಕೋಮ ಇದ್ದವರು ತಲೆ ಕೆಳಗೆ ಬಾಗಿಸಿ ಬಹಳ ಹೊತ್ತು ನಿಲ್ಲಬಾರದು, ಕಣ್ಣಿನ ಒತ್ತಡ ಏರುತ್ತದೆ. ಸೇರಿಸಿಕೊಳ್ಳುವಾಗ ಇದನ್ನೆಲ್ಲ ಕೇಳುವ ಒಂದು ಫಾರಂ ಕೂಡ ಇಲ್ಲ. ಕಪಾಲಭಾತಿಯ ಬದಲು, ಸೆಕೆಂಡಿಗೊಂದರಂತೆ ನಾಲ್ಕು ಎಣಿಸುವಷ್ಟು ಉಸಿರು ಎಳೆದು ಆರು ಎಣಿಸುವಷ್ಟು ಬಿಟ್ಟರೆ ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಐದು ನಿಮಿಷ ಸಾಕು. ತಲೆ ಹಗುರಾದಂತೆ ಆದರೆ ಉಸಿರನ್ನು ಜೋರಾಗಿ ಎಳೆಯುತ್ತಿದ್ದೀರಿ ಎಂದರ್ಥ. ಎಣಿಕೆ ಬಿಟ್ಟು ಸಹಜ ಉಸಿರಿಗೆ ಬನ್ನಿ.

ಕುರ್ಚಿಗಳದ್ದೂ ಒಂದು ತಕರಾರು. ಇಪ್ಪತ್ತಕ್ಕೂ ಹೆಚ್ಚು ಜನಕ್ಕೆ ಎಂಟು ಪ್ಲಾಸ್ಟಿಕ್ ಕುರ್ಚಿ. ಕೈ ಆಸರೆ ಇಲ್ಲದೆ ಕುರ್ಚಿಯಿಂದ ಐದು ಸಲ ಎದ್ದು ಕೂಡಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತೊಡೆಯಲ್ಲಿ ಬಲ ಕಡಿಮೆ ಎಂದು ಲೆಕ್ಕ. ಇಷ್ಟು ಸಾದಾ ಪರೀಕ್ಷೆಯೂ ಇಲ್ಲಿ ಸರಿಯಾಗಿ ಆಗುವುದಿಲ್ಲ, ಯಾಕೆಂದರೆ ಹಗುರ ಕುರ್ಚಿ ಫರಸಿಯ ಮೇಲೆ ಹಿಂದಕ್ಕೆ ಸರಿಯುತ್ತದೆ. ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿ ಇಟ್ಟರೆ ಅರ್ಧ ಅಪಾಯ ಕಳೆಯಿತು. ನಾಲ್ಕು ಗಟ್ಟಿ ಕಟ್ಟಿಗೆಯ ಕುರ್ಚಿ ತಂದರೆ ಪೂರ್ತಿ ಕಳೆಯುತ್ತದೆ.

ಈ ತರಗತಿಯೊಂದನ್ನೇ ನಂಬಿ ಕೂಡಬಾರದು. ಏದುಸಿರು ಬರುವ ಬಿರುಸು ನಡಿಗೆ ಇಲ್ಲಿಲ್ಲ. 120 ಹಿರಿಯರ ಮೇಲೆ ಒಂದು ವರ್ಷ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಮೂರು ದಿನ ನಲವತ್ತು ನಿಮಿಷ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್, ಅಂದರೆ ಹೊಸ ನೆನಪನ್ನು ಕೂಡಿಡುವ ಮಿದುಳಿನ ಭಾಗ, ಶೇ. 2ರಷ್ಟು ಹಿಗ್ಗಿತ್ತು. ಮೈ ಎಳೆಯುವ ವ್ಯಾಯಾಮ ಮಾತ್ರ ಮಾಡಿದವರದ್ದು ಕುಗ್ಗಿತ್ತು. ಆದ್ದರಿಂದ ಮಂಗಳವಾರ, ಗುರುವಾರ, ಶನಿವಾರ ಕೆರೆ ದಂಡೆಯಲ್ಲಿ ನಡೆಯಿರಿ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ. ನಮ್ಮ ಬ್ಯಾಸಗಿಯಲ್ಲಿ 7 ಗಂಟೆಯೊಳಗೆ ಮುಗಿಸಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಮೊದಲು ಒಂದು ಬಾಳೆಹಣ್ಣು ತಿನ್ನಿ. ಪಾದ ಜೋಮು ಹಿಡಿದವರು ಬರಿಗಾಲಲ್ಲಿ ಬೇಡ, ಬೂಟು ಹಾಕಿ. ಗಾಯವಾದರೂ ಗೊತ್ತಾಗುವುದಿಲ್ಲ. ಬಿಪಿ ಗುಳಿಗೆ ನುಂಗುವವರು ಚಾಪೆಯಿಂದ ಒಮ್ಮೆಲೇ ಏಳದೆ ಒಂದು ನಿಮಿಷ ಕೂತು ಏಳಿ. ಇತ್ತೀಚೆಗೆ ಮರೆವು ಹೆಚ್ಚಿದೆ ಅನ್ನಿಸಿದರೆ ತರಗತಿಗೂ ಮುಂಚೆ ಡಾಕ್ಟರ ಹತ್ತಿರ ಹೋಗಿ ವಿಟಮಿನ್ ಬಿ12, ಥೈರಾಯ್ಡ್, ಕಿವಿ ತೋರಿಸಿಕೊಳ್ಳಿ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಇಳಿಯುವುದುಂಟು.

ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ತರಗತಿಗೆ ರಜೆ. ದುಡ್ಡು ಕಟ್ಟುವ ಮೊದಲು ಒಂದು ಬುಧವಾರ ಹೋಗಿ ಸುಮ್ಮನೆ ಕೂತು ನೋಡಲು ಬಿಡುತ್ತಾರೆ. ಆ ದಿನ ಲೆಕ್ಕದ ನಡಿಗೆಗೆ ಹೆಚ್ಚು ಹೊತ್ತು ಕೊಡುತ್ತಾರೆ. ಕಪಾಲಭಾತಿ ಶುರುವಾದಾಗ ಹಿಂದಿನ ಸಾಲಿಗೆ ಬಂದು ನಿಮ್ಮ ಪಾಡಿಗೆ ನಾಲ್ಕು-ಆರರ ಉಸಿರು ಎಣಿಸಿದರೆ ಯಾರೂ ಬೇಡ ಅನ್ನುವುದಿಲ್ಲ.