ಡಿಇಎ ನೊನೊಯೇಟ್: ಕೆಲಸ ಪಕ್ಕಾ, ಆದರೆ ಕಾಯುವ ಜಾಯಮಾನದ್ದಲ್ಲ

ನೈಟ್ರಿಕ್ ಆಕ್ಸೈಡ್ ಅನಿಲ ತಗುಲಿದರೆ ಕ್ಯಾಟಲೇಸ್ ಅನ್ನುವ ಎಂಜೈಮ್ (ಹೈಡ್ರೋಜನ್ ಪೆರಾಕ್ಸೈಡ್ ಒಡೆಯುವಂಥದ್ದು) ಏನಾಗುತ್ತದೆ ಅಂತ ನೋಡಬೇಕಿತ್ತು. ಗ್ಯಾಸ್ ಸಿಲಿಂಡರಿನ ತಾಪತ್ರಯ ಬೇಡ ಅಂತ ಡಿಇಎ ನೊನೊಯೇಟ್ ಅನ್ನುವ ಈ ಪುಡಿ ತರಿಸಿದೆ. ಬಫರಿಗೆ (ಪಿಎಚ್ ಅಲುಗಾಡದಂತೆ ಹಿಡಿದಿಡುವ ದ್ರಾವಣ) ಬಿದ್ದರೆ ಸಾಕು, ತಾನಾಗಿ ಒಡೆದು ನೈಟ್ರಿಕ್ ಆಕ್ಸೈಡ್ ಬಿಡುತ್ತದೆ.

ಮೊದಲ ವಾರ ಪೂರಾ ದಂಡ. ತಪ್ಪು ನನ್ನದೇ. ಸ್ಟಾಕನ್ನು (ಚೂರುಚೂರೇ ತೆಗೆದು ಬಳಸುವ ಗಟ್ಟಿ ದ್ರಾವಣ) ಮಾಮೂಲಿ ಬಫರಿನಲ್ಲಿ ಕಲಸಿ, ಬೆಂಚಿನ ಮೇಲಿಟ್ಟು, ನಿಧಾನಕ್ಕೆ ಟ್ಯೂಬ್ ಜೋಡಿಸುತ್ತಾ ಕೂತಿದ್ದೆ. ಪಿಎಚ್ 7.4ರಲ್ಲಿ ಇದರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಒಡೆಯಲು ಹಿಡಿಯುವ ಸಮಯ, ರೂಮಿನ ಬಿಸಿಯಲ್ಲಿ ಸುಮಾರು 16 ನಿಮಿಷ, 37 ಡಿಗ್ರಿಯಲ್ಲಿ ಬರೀ 2 ನಿಮಿಷ! ಈಗ 10 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕಲಸಿ ಐಸ್ ಮೇಲಿಡುತ್ತೇನೆ. ಕ್ಷಾರದಲ್ಲಿ ತೆಪ್ಪಗಿರುತ್ತದೆ. ಎಂಜೈಮ್ ಟ್ಯೂಬಿಗೆ ಒಂದು ಚೂರು ಹಾಕಿದ ಮೇಲೆ ಶುರುವಾಗುತ್ತದೆ ಇದರ ಆಟ.

ಆಮೇಲೆ ಬಂದ ರಿಸಲ್ಟ್ ಮಾತ್ರ ಚೆಂದ. ಕ್ಯಾಟಲೇಸ್ ಕೆಲಸ ಕುಸಿಯಿತು, ನೈಟ್ರಿಕ್ ಆಕ್ಸೈಡ್ ಖಾಲಿಯಾಗುತ್ತಾ ಬಂದಂತೆ ತಿರುಗಿ ಏರಿತು. ಈ ಅನಿಲ ಕ್ಯಾಟಲೇಸ್‌ನೊಳಗಿನ ಹೀಮಿನ (ಕಬ್ಬಿಣ ಹಿಡಿದಿರುವ ಉಂಗುರದಂಥ ಅಣು) ಕಬ್ಬಿಣದ ಮೇಲೆ ಹೋಗಿ ಕೂತಿರುತ್ತದೆ ಅಷ್ಟೇ, ಎದ್ದು ಹೋದರೆ ಎಂಜೈಮ್ ಮೊದಲಿನಂತೆ. ಅದೇ ಬಾಟಲಿಯಿಂದ ಅಕೋನಿಟೇಸ್ ಅನ್ನುವ ಇನ್ನೊಂದು ಎಂಜೈಮಿಗೆ ಹಾಕಿದಾಗ ಹಾಗೆ ಆಗಲಿಲ್ಲ, ಅದರಲ್ಲಿರುವುದು ಹೀಮ್ ಅಲ್ಲ, ಕಬ್ಬಿಣ ಮತ್ತು ಗಂಧಕದ ಗೊಂಚಲು. ಗೊಂಚಲೇ ಕಿತ್ತುಹೋದರೆ ಸುಮ್ನೆ ಕಾದರೆ ವಾಪಸ್ ಬರುತ್ತಾ? ಎಲ್ಲ ಕಡೆ ಬ್ರೇಕೇ ಅಂತಲೂ ಅಲ್ಲ. ಗ್ವಾನೈಲೇಟ್ ಸೈಕ್ಲೇಸ್ ಅನ್ನುವ ಎಂಜೈಮಿನ ಹೀಮಿಗೆ ಇದೇ ಅನಿಲ ಅಂಟಿದರೆ ಕೆಲಸ ನೂರಾರು ಪಟ್ಟು ಜಾಸ್ತಿಯಾಗುತ್ತದೆ.

ಮೊದಲು ನೈಟ್ರಿಕ್ ಆಕ್ಸೈಡಿಗೆ ಸೋಡಿಯಂ ನೈಟ್ರೋಪ್ರಸ್ಸೈಡ್ ಬಳಸುತ್ತಿದ್ದೆ. ಕಬ್ಬಿಣದ ಎಂಜೈಮಿಗೆ ದಯವಿಟ್ಟು ಅದು ಬೇಡ. ಒಡೆದಾಗ ಸಯನೈಡೂ ಬಿಡುತ್ತದೆ, ಸಯನೈಡಿಗೂ ಹೀಮ್ ಅಂದರೆ ಪ್ರಾಣ. ಕ್ಯಾಟಲೇಸ್ ನಿಂತಿದ್ದು ಯಾರಿಂದ ಅಂತ ಹೇಗೆ ಹೇಳುತ್ತೀರಿ?

ನೊನೊಯೇಟಿಗೂ ಕಂಟ್ರೋಲ್ (ಹೋಲಿಸಿ ನೋಡುವ ಟ್ಯೂಬ್) ಬೇಕೇ ಬೇಕು. ಬಫರಿನಲ್ಲಿ ರಾತ್ರಿಯಿಡೀ ಬಿಟ್ಟು ಪೂರ್ತಿ ಖಾಲಿಯಾದ ದ್ರಾವಣವನ್ನು ಇನ್ನೊಂದು ಟ್ಯೂಬಿಗೆ ಹಾಕಿ ನೋಡಿ, ಉಳಿದಿರುವ ಡೈಇಥೈಲಮೀನ್, ನೈಟ್ರೈಟ್ ಏನಾದರೂ ಕಿತಾಪತಿ ಮಾಡುತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಹಾಕುವ ಮುಂಚೆ ಸ್ಟಾಕು 250 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯಿರಿ, ತೂಕವನ್ನು ನಂಬಬೇಡಿ. ಪುಡಿ ತೇವ ಎಳೆದುಕೊಳ್ಳುತ್ತದೆ. ನನಗೆ ಕಳಿಸಿದವರು ಐಸೇ ಇಲ್ಲದ ಡಬ್ಬಿಯಲ್ಲಿ ಕಳಿಸಿದ್ದರು, ಫೋನ್ ಮಾಡಿದರೆ 'ಏನೂ ಆಗಲ್ಲ ಸರ್' ಅಂದರು. ಅಳೆದು ನೋಡಿದರೆ ಐದರಲ್ಲಿ ಒಂದು ಪಾಲು ಆಗಲೇ ಹೋಗಿತ್ತು!

ಪುಡಿಗೆ ಐದಕ್ಕೆ ನಾಲ್ಕು, ಕಳಿಸಿದವರಿಗೆ ಒಂದು. ಗಂಟೆಗಟ್ಟಲೆ ನಡೆಯುವ ಪ್ರಯೋಗ ಇದ್ದರೆ ಇದನ್ನು ಬಿಟ್ಟು ಸ್ಪರ್ಮೈನ್ ನೊನೊಯೇಟ್ ತಗೊಳ್ಳಿ, ಅದು 37 ಡಿಗ್ರಿಯಲ್ಲೂ ಅರ್ಧಕ್ಕಿಳಿಯಲು 39 ನಿಮಿಷ ತೆಗೆದುಕೊಳ್ಳುತ್ತದೆ.