ಮೇಳದ ಮ್ಯಾನೇಜರನಿಗೆ ಕ್ಯಾಟ್ ಹೊಂದುತ್ತದೆಯೋ, ಜಿಮ್ಯಾಟ್ ಹೊಂದುತ್ತದೆಯೋ?

ಎರಡೂ ಎಂಬಿಎ ಪ್ರವೇಶ ಪರೀಕ್ಷೆಗಳು; ನನ್ನ ಮತ ಜಿಮ್ಯಾಟ್‌ಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರೆಯುವುದೆಲ್ಲ ಅದರ ಕಡೆಗೇ ವಾಲಿರುತ್ತದೆ. ಬಿ.ಕಾಂ. ಮುಗಿಸಿ ಯಕ್ಷಗಾನ ಮೇಳವೊಂದರ ಮ್ಯಾನೇಜರ್ ಆಗಿದ್ದ ನಾನು ಎಂಬಿಎ ಓದುತ್ತೇನೆಂದು ಹೊರಟಾಗ ನಾಲ್ಕು ದಾರಿ ಕಂಡವು. ಕ್ಯಾಟ್ ಬರೆದು ಐಐಎಂನ (ಕೇಂದ್ರದ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆ) ಎರಡು ವರ್ಷದ ಕೋರ್ಸ್, ಜಿಮ್ಯಾಟ್ ಬರೆದು ಒಂದು ವರ್ಷದ ಕೋರ್ಸ್, ಕೆಲಸ ಬಿಡದೆ ವಾರಾಂತ್ಯದ ಕೋರ್ಸ್, ಕೊನೆಗೆ ನಮ್ಮ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ. ಮೊದಲ ಎರಡು ಪರೀಕ್ಷೆಗಳನ್ನು ಬರೆದಿದ್ದೇನೆ. ಉಳಿದವನ್ನು ವಿಚಾರಿಸಿ ಕೈಬಿಟ್ಟೆ.

ಕೈಬಿಟ್ಟವುಗಳ ಮಾತು ಬೇಗ ಮುಗಿಯುತ್ತದೆ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿರುವ ವಾರಾಂತ್ಯದ ಕೋರ್ಸ್ ಬೆಂಗಳೂರಿನಲ್ಲಿ ನೌಕರಿ ಮಾಡುವವರಿಗೆ ಹೇಳಿ ಮಾಡಿಸಿದ್ದು. ಶನಿವಾರ ರಾತ್ರಿ ಬೆಳ್ತಂಗಡಿಯಲ್ಲೋ ಸುಳ್ಯದಲ್ಲೋ ಯಕ್ಷಗಾನದ ಆಟ ಇರುವವನಿಗೆ ಅದು ದೂರದ ಮಾತು. ಪಿಜಿಸಿಇಟಿಯಲ್ಲಿ ನೂರು ಪ್ರಶ್ನೆ, ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲ, ಸಂದರ್ಶನವೂ ಇಲ್ಲ. ಆಗಷ್ಟೇ ಪದವಿ ಮುಗಿಸಿದವರಿಗೆ, ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಅದೇ ಸರಿ. ಆದರೆ ಅಲ್ಲಿ ರ‍್ಯಾಂಕ್ ಒಂದೇ ಮಾತಾಡುತ್ತದೆ. ಇಷ್ಟು ವರ್ಷ ಏನು ಮಾಡಿದಿರಿ ಎಂದು ಕೇಳುವವರಿಲ್ಲ.

ಕ್ಯಾಟ್‌ನ ಮೇಲೆ ನನಗಿರುವ ಮೊದಲ ಸಿಟ್ಟು ಅದರ ತಾರೀಕಿನದು. ಅದು ವರ್ಷಕ್ಕೆ ಒಂದೇ ಸಲ, ಸಾಮಾನ್ಯವಾಗಿ ನವೆಂಬರ್‌ನ ಕೊನೆಯ ಭಾನುವಾರ. ನಮ್ಮ ಮೇಳಗಳು ಊರೂರು ಸುತ್ತಿ ಆಟ ಆಡುವ ತಿರುಗಾಟಕ್ಕೆ ಹೊರಡುವುದೂ ಅದೇ ಹೊತ್ತಿಗೆ. ಲಾರಿಗೆ ರಂಗಸ್ಥಳದ ಸಾಮಾನು ತುಂಬಿಸುತ್ತ, ಮೇಳ ಬಿಟ್ಟುಹೋದ ಸ್ತ್ರೀವೇಷಧಾರಿಯ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುತ್ತ ಇರುವಾಗ ಬೀಜಗಣಿತ ಯಾರಿಗೆ ತಲೆಗೆ ಹತ್ತುತ್ತದೆ? ಮೂರು ವಿಭಾಗಗಳಿಗೆ ತಲಾ 40 ನಿಮಿಷ; ಕ್ರಮ ಬದಲಿಸುವಂತಿಲ್ಲ, ಹಿಂದಕ್ಕೆ ಹೋಗುವಂತಿಲ್ಲ. ಅಂಕಪಟ್ಟಿ ಆ ವರ್ಷದ ಪ್ರವೇಶಕ್ಕೆ ಮಾತ್ರ. ಒಂದು ಮಾತು ಒಪ್ಪಬೇಕು: ದತ್ತಾಂಶ ಮತ್ತು ತರ್ಕದ ವಿಭಾಗ ನನಗೆ ಸುಲಭವಾಗಿತ್ತು. ಯಾರ ಪಕ್ಕ ಯಾರು ಕೂರಬಾರದು, ಯಾವ ದಿನ ಯಾರಿಲ್ಲ ಎಂಬ ಲೆಕ್ಕವನ್ನು ವೇಷ ಕಟ್ಟುವ ಚೌಕಿಯಲ್ಲಿ ದಿನಾ ಮಾಡಿದವನಿಗೆ ಅದೇನು ಮಹಾ.

ಇನ್ನೊಂದು ತೊಡಕು ಪರೀಕ್ಷೆಯ ಹೊರಗಿನದು. ಹಲವು ಐಐಎಂಗಳು ಸಂದರ್ಶನಕ್ಕೆ ಕರೆಯುವ ಮುನ್ನ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ತೂಗುತ್ತವೆ. ಎಸ್ಸೆಸ್ಸೆಲ್ಸಿಯ ಅಂಕವನ್ನು ಈಗ ಯಾವ ದೇವರಿಗೆ ಹರಕೆ ಹೊತ್ತರೂ ತಿದ್ದಲಾಗದು.

ಜಿಮ್ಯಾಟ್ ವರ್ಷವಿಡೀ ಇರುತ್ತದೆ. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೇಳ ಒಳಗಾದ ಮೇಲೆ ಮಳೆಗಾಲ ಪೂರ್ತಿ ಓದಿ, ನಮಗೆ ಬಿಡುವಾದ ದಿನ ಬರೆಯಬಹುದು. 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ 64 ಪ್ರಶ್ನೆ, 2 ಗಂಟೆ 15 ನಿಮಿಷ. ವಿಭಾಗಗಳ ಕ್ರಮ ನಮ್ಮ ಇಷ್ಟ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಹಿಸುದ್ದಿಯೆಂದರೆ ಇಂಗ್ಲಿಷ್ ವಾಕ್ಯ ತಿದ್ದುವ ಪ್ರಶ್ನೆಗಳೂ ಪ್ರಬಂಧವೂ ಹೋಗಿವೆ, ರೇಖಾಗಣಿತವೂ ಹೋಗಿದೆ. ಅಂಕ ಐದು ವರ್ಷ ನಡೆಯುತ್ತದೆ. ಶುಲ್ಕ ಮಾತ್ರ ಡಾಲರಿನಲ್ಲಿ, ನಮ್ಮ ಲೆಕ್ಕದಲ್ಲಿ 20 ಸಾವಿರ ರೂಪಾಯಿ ದಾಟುತ್ತದೆ.

ಪರೀಕ್ಷೆ ಮುಗಿಯಿತು, ಇನ್ನು ಹಗುರ ಎಂದುಕೊಳ್ಳುವ ಹೊತ್ತಿಗೆ ಅರ್ಜಿ ನಮೂನೆ ಎದುರಾಗುತ್ತದೆ. ನನ್ನನ್ನು ಹೈರಾಣ ಮಾಡಿದ್ದು ಅದು. ಒಂದು ವರ್ಷದ ಕೋರ್ಸ್‌ಗಳು ಅನುಭವ ಕೇಳುತ್ತವೆ: ಹೈದರಾಬಾದ್ ಮತ್ತು ಮೊಹಾಲಿಯಲ್ಲಿರುವ ಖಾಸಗಿ ಬಿಸಿನೆಸ್ ಶಾಲೆ ಐಎಸ್‌ಬಿಗೆ ಕನಿಷ್ಠ ಎರಡು ವರ್ಷ, ಅಹಮದಾಬಾದ್ ಐಐಎಂಗೆ ನಾಲ್ಕು, ಬೆಂಗಳೂರಿನದಕ್ಕೆ ಐದು. ವರ್ಷಗಳು ನನ್ನಲ್ಲಿ ಬೇಕಾದಷ್ಟಿದ್ದವು. ಅವನ್ನು ಕಾಗದದ ಮೇಲೆ ತೋರಿಸುವುದು ಹೇಗೆ? ನೇಮಕಾತಿ ಪತ್ರವಿಲ್ಲ, ಸಂಬಳದ ಚೀಟಿಯಿಲ್ಲ, ಸಂಬಳದಲ್ಲಿ ಹಿಡಿದ ತೆರಿಗೆಗೆ ಕೊಡುವ ಫಾರ್ಮ್ 16 ಇಲ್ಲ. ಮೇಳದ ಹೆಸರಿನಲ್ಲಿ ಅಚ್ಚಾದದ್ದೆಂದರೆ ರಶೀದಿ ಪುಸ್ತಕ ಮತ್ತು ಕರಪತ್ರ. ಉದ್ಯಮ ಕ್ಷೇತ್ರದ ಪಟ್ಟಿಯಲ್ಲಿ ಬ್ಯಾಂಕ್, ಔಷಧ, ತೈಲ ಎಲ್ಲ ಇದ್ದು ನನ್ನ ಪಾಲಿಗೆ ಉಳಿದದ್ದು ‘ಇತರೆ’.

ಒಂದು ಸಂಸ್ಥೆಯ ಪ್ರವೇಶ ಕಚೇರಿಯವರು ತಿರುಗಾಟ ಆರು ತಿಂಗಳದ್ದು, ಆದ್ದರಿಂದ ನಿಮ್ಮ ಒಂದು ವರ್ಷ ಅರ್ಧ ವರ್ಷಕ್ಕೆ ಸಮ ಎಂದರು. ಹಾಗೆ ಎಣಿಸಿದರೆ ಹತ್ತು ತಿರುಗಾಟ ಮಾಡಿದವನ ಅನುಭವ ಐದೇ ವರ್ಷ! ಆಟ ನಿಂತರೂ ಮ್ಯಾನೇಜರನ ಕೆಲಸ ನಿಲ್ಲುವುದಿಲ್ಲ. ಮಳೆಗಾಲದಲ್ಲೇ ಮುಂದಿನ ವರ್ಷದ ಕಲಾವಿದರ ಒಪ್ಪಂದ, ಮುಂಗಡ, ಹರಕೆ ಆಟದ ದಿನ ಗೊತ್ತುಮಾಡುವುದು, ವೇಷಭೂಷಣದ ದುರಸ್ತಿ, ಲೆಕ್ಕಪತ್ರ. ಇದನ್ನೆಲ್ಲ ತಿಂಗಳುವಾರು ಬರೆದು ಕಳುಹಿಸಿದ ಮೇಲೆ ಪ್ರತಿ ವರ್ಷದ ಆದಾಯ ತೆರಿಗೆ ವಿವರ ಮತ್ತು ಲೆಕ್ಕಪರಿಶೋಧಕರ ಪತ್ರ ಕೇಳಿದರು. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ವಿವರ ಸಲ್ಲಿಸುತ್ತ ಬಂದದ್ದು ಅಲ್ಲಿ ಕೆಲಸಕ್ಕೆ ಬಂತು. ನಗದಿನಲ್ಲೇ ಸಂಬಳ ಪಡೆಯುವ ರಂಗಭೂಮಿಯವರು, ಬಿಡಿ ಕೆಲಸದ ಛಾಯಾಗ್ರಾಹಕರು ಈಗಲೇ ಶುರು ಮಾಡಿ.

ಆಮೇಲೆ ಶಿಫಾರಸು. ಶಿಫಾರಸು ಮಾಡುವವರಿಗೆ ಸಂಸ್ಥೆಯ ಇ-ಮೇಲ್ ವಿಳಾಸ ಇರಬೇಕಂತೆ. ನಮ್ಮ ಮೇಳದ ಯಜಮಾನರು ಇಂದಿಗೂ ತಾಂಬೂಲದ ತಟ್ಟೆಯ ಪಕ್ಕದ ಡೈರಿಯಲ್ಲೇ ವ್ಯವಹಾರ ನಡೆಸುವವರು. “ನಾನು ಹೇಳಿದರೆ ಸಾಲದೇ, ಫೋನ್ ಹಚ್ಚು, ಅವರ ಹತ್ತಿರ ಮಾತಾಡುತ್ತೇನೆ” ಎಂದರು. ಸಾಲಲಿಲ್ಲ. ಮೇಳದ ಲೆಕ್ಕ ನೋಡುವ ಆಡಿಟರ್ ತಮ್ಮ ಕಚೇರಿಯ ವಿಳಾಸದಿಂದ ಬರೆದುಕೊಟ್ಟರು.

ಇಷ್ಟು ಕಾಡಿಸಿದರೂ ಜಿಮ್ಯಾಟ್ ದಾರಿಯನ್ನೇ ಮೆಚ್ಚುವುದೇಕೆ ಎಂದರೆ, ಅರ್ಜಿಯೊಡನೆ ಬರೆಯಬೇಕಾದ ಪ್ರಬಂಧಗಳಿಂದ. ಸಂಜೆ ಮಳೆ ಬಂದು ಆಟ ನಿಂತರೆ ಆಡಿಸುವವರಿಗೂ ಮೇಳಕ್ಕೂ ನಷ್ಟ ಹೇಗೆ ಹಂಚಿಕೆಯಾಗುತ್ತದೆ, ಇಡೀ ರಾತ್ರಿಯ ಆಟವನ್ನು ಕಾಲಮಿತಿಗೆ ಇಳಿಸಿದಾಗ ಖರ್ಚಿನಲ್ಲಿ ಏನು ಉಳಿಯಿತು, ಏನು ಉಳಿಯಲಿಲ್ಲ ಎಂದು ಬರೆದೆ. ಸಂದರ್ಶನದ ಮುಕ್ಕಾಲು ಪಾಲು ಅದರ ಮೇಲೆಯೇ ನಡೆಯಿತು.

ಖರ್ಚಿನಲ್ಲಿ ಕ್ಯಾಟ್ ದಾರಿ ಗೆಲ್ಲುತ್ತದೆ. ಹಳೆಯ ಐಐಎಂಗಳ ಎರಡು ವರ್ಷಕ್ಕೆ 20 ಲಕ್ಷದ ಮೇಲಾದರೆ, ಹೆಸರುವಾಸಿ ಒಂದು ವರ್ಷದ ಕೋರ್ಸ್‌ಗಳು 30 ಲಕ್ಷವನ್ನೂ ದಾಟುತ್ತವೆ. ಆದರೆ ಒಂದು ವರ್ಷದ ದುಡಿಮೆ ಉಳಿಯುತ್ತದೆ. ಇಂಥ ಸಂಸ್ಥೆಗಳಿಗೆ ಬ್ಯಾಂಕುಗಳು ಜಮೀನು ಅಡವಿಲ್ಲದೆ ಸಾಲ ಕೊಡುತ್ತವೆ. ಅಪ್ಪನ ಅಡಿಕೆ ತೋಟದ ಪಹಣಿ ಮುಟ್ಟದೆ ಆಗುತ್ತದೆ ಎಂಬುದೇ ನನಗೆ ದೊಡ್ಡ ವಿಷಯ. ಸಾಲ ಎಂದರೆ ನಿದ್ದೆ ಬಾರದವರು, ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ಒಳ್ಳೆಯ ಅಂಕ ಇರುವವರು, ನವೆಂಬರ್‌ನಲ್ಲಿ ಬಿಡುವಿರುವವರು ಕ್ಯಾಟ್ ಬರೆಯಲಿ.

ಜಿಮ್ಯಾಟ್ ದಾರಿ ಹಿಡಿಯುವ ಮೇಳದವರು ಒಂದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಅಹಮದಾಬಾದ್, ಬೆಂಗಳೂರು ಐಐಎಂಗಳ ಒಂದು ವರ್ಷದ ಕೋರ್ಸ್‌ಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಪತ್ತನಾಜೆ ಬರುವುದು ಮೇ ಕೊನೆಗೆ. ಉಳಿದ ಆಟಗಳನ್ನು ಯಾರು ನೋಡಿಕೊಳ್ಳುತ್ತಾರೆಂದು ಯಜಮಾನರಿಗೆ ದೀಪಾವಳಿಯ ಮೊದಲೇ ಹೇಳಿ.